ಹದಿನಾಲ್ಕನೇ ತಾರೀಖಿನ ಮನೆ

ತಾರೀಖಿನ ವಿಷಯದಲ್ಲಿ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂವತ್ತು ವರ್ಷದಿಂದ ಅಕ್ಕಿ ಗಿರಣಿಗಳಿಗೆ, ಬೀಜದಂಗಡಿಗಳಿಗೆ, ಐಸ್ ಫ್ಯಾಕ್ಟರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾ ಬಂದವಳು ನಾನು. ಹೆಸರು ಇಂದುಮತಿ. ಹೋದ ಕಡೆಯೆಲ್ಲ ಮೊದಲ ಜಗಳ ತಾರೀಖಿನದೇ. ಒಬ್ಬರು ದಿನ ಮೊದಲು ಬರೆಯುತ್ತಾರೆ, ಒಬ್ಬರು ತಿಂಗಳು ಮೊದಲು ಬರೆಯುತ್ತಾರೆ, ಇನ್ನೊಬ್ಬರು ‘ದೀಪಾವಳಿ ಆದ ಎರಡನೇ ಸೋಮವಾರ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದೆ: ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ, ಹಾಗೆ ಬರೆದರೆ ತಾರೀಖುಗಳು ಯಾರೂ ಹೇಳದೆ ತಾವೇ ಸಾಲಾಗಿ ನಿಲ್ಲುತ್ತವೆ. ಆ ಊರಿಗೆ ಹೋಗುವತನಕ ಈ ಪಾಠಕ್ಕೆ ಎದುರು ಮಾತಾಡಿದವರನ್ನು ನಾನು ಕಂಡಿರಲಿಲ್ಲ.

ಆ ಊರಿನಲ್ಲಿ ಮನೆಯ ಒಲೆ ಹೊತ್ತಿದಾಗ ಆ ಮನೆಯ ತಾರೀಖು ಬದಲಾಗುತ್ತದೆ. ಸೌದೆ ಒಲೆಯಾದರೂ ಅಷ್ಟೇ, ಗ್ಯಾಸ್ ಒಲೆಯಾದರೂ ಅಷ್ಟೇ. ಬೆಳಿಗ್ಗೆ ಎದ್ದು ಕಡ್ಡಿ ಗೀರಿದರೆ ಆ ಮನೆಗೆ ಮಾರನೇ ದಿನ ಬಂತು. ಗೀರದಿದ್ದರೆ ಸೂರ್ಯ ಹುಟ್ಟಿ ಮುಳುಗಿದರೂ ಆ ಹೊಸ್ತಿಲೊಳಗೆ ನೆನ್ನೆಯ ತಾರೀಖೇ. ಯಾರೋ ಸತ್ತು ಮೂರು ದಿನ ಒಲೆ ಹಚ್ಚದ ಮನೆ ಆಮೇಲೆ ಯಾವತ್ತಿಗೂ ಊರಿಗಿಂತ ಮೂರು ದಿನ ಹಿಂದೆ. ಬಾಣಂತನಕ್ಕೆ ಹೆಂಡತಿ ಹೋದಾಗ ಹೋಟೆಲಿನಲ್ಲಿ ಉಂಡು ಕಾಲ ಹಾಕಿದ ಗಂಡಸಿನ ಮನೆ ಮೂರು ತಿಂಗಳು ಹಿಂದೆ, ಅವನ ಹಿತ್ತಲ ಮಾವಿನ ಮರದಲ್ಲಿ ಊರವರೆಲ್ಲ ಉಪ್ಪಿನಕಾಯಿ ಹಾಕಿ ಮುಗಿಸಿದ ಮೇಲೆ ಹೂ ಬಿಡುತ್ತದೆ. ಹೀಗಾಗಿ ಬೀದಿಯಲ್ಲಿ ಎದುರಾದವರು ‘ಊಟ ಆಯ್ತಾ’ ಅಂತ ಕೇಳುವುದಿಲ್ಲ, ‘ನಿಮ್ಮನೇಲಿ ಇವತ್ತೆಷ್ಟು?’ ಅಂತ ಕೇಳುತ್ತಾರೆ.

ನನಗೋ ಕುತೂಹಲ ತಡೆಯದು. ಬಂದ ಮೊದಲ ಎರಡು ದಿನ ಕೆಲಸ ಬಿಟ್ಟು ಬೀದಿ ಬೀದಿ ಅಲೆದೆ. ಒಂದು ಮದುವೆ ಕರೆಯೋಲೆಯಲ್ಲಿ ಹುಡುಗಿ ಮನೆಯ ತಾರೀಖು ಒಂದು, ಹುಡುಗನ ಮನೆಯದು ಇನ್ನೊಂದು, ಕೆಳಗೆ ದಪ್ಪ ಅಕ್ಷರದಲ್ಲಿ ಹೋಟೆಲಿನ ತಾರೀಖು. ಬಸ್ ಸ್ಟ್ಯಾಂಡ್ ಹೋಟೆಲು ಶುರುವಾದಾಗಿನಿಂದ ಅದರ ಒಲೆ ಒಂದು ಬೆಳಿಗ್ಗೆಯೂ ಹೊತ್ತದೆ ಉಳಿದಿಲ್ಲವಂತೆ. ಅದಕ್ಕೇ ಬಸ್ಸು, ಟಪಾಲು, ಶಾಲೆ, ಹೊರಗಿನ ಲೋಕದ ವ್ಯವಹಾರವೆಲ್ಲ ಹೋಟೆಲಿನ ತಾರೀಖಿನಲ್ಲೇ ನಡೆಯುತ್ತದೆ. ಒಬ್ಬ ಅಜ್ಜನನ್ನು ನೋಡಿದೆ. ಯಾವ ಮನೆ ಎಷ್ಟು ದಿನ ಹಿಂದಿದೆ ಅನ್ನುವುದನ್ನು ಬಾಯಿಪಾಠ ಮಾಡಿಕೊಂಡು ವರ್ಷಕ್ಕೆ ಹನ್ನೊಂದು ಯುಗಾದಿ ಊಟ ಮಾಡುತ್ತಾನೆ. ‘ಹೋಳಿಗೆ ಬೇಜಾರಾಗಲ್ವಾ ಅಜ್ಜ?’ ಅಂದರೆ ‘ಬೇವಿಗೆ ಬೇಜಾರಾಗುತ್ತೆ ಕಣಮ್ಮ, ಹೋಳಿಗೆಗೆ ಯಾಕಾಗುತ್ತೆ’ ಅಂದ.

ನನ್ನನ್ನು ಕರೆಸಿದ್ದು ಅಲ್ಲಿಯ ಹೆಂಗಸರ ಹಪ್ಪಳದ ಸಂಘ. ಬೆಳಿಗ್ಗೆ ಸಂಘದಲ್ಲಿ ಉದ್ದಿನ ಹಿಟ್ಟಿನ ಮುದ್ದೆ ಕೊಡುತ್ತಾರೆ, ಹೆಂಗಸರು ಮನೆಗೆ ಒಯ್ದು ಲಟ್ಟಿಸಿ ಒಣಗಿಸಿ ಮಾರನೇ ದಿನ ತಂದು ಒಪ್ಪಿಸುತ್ತಾರೆ. ಹಪ್ಪಳ ಯಾವ ಮನೆಯಲ್ಲಿ ಒಣಗಿತೋ ಆ ಮನೆಯ ತಾರೀಖನ್ನೇ ಪ್ಯಾಕೆಟ್ಟಿನ ಮೇಲೆ ಹಾಕುವುದು ಪದ್ಧತಿ. ಒಂದೇ ಡಬ್ಬದಲ್ಲಿ ಹದಿನೆಂಟು ಬಗೆಯ ತಾರೀಖು ಕಂಡ ಹೊರಗಿನ ಅಂಗಡಿಯವರು ‘ಇದೇನ್ರಪ್ಪ, ತಮಾಷೆನಾ?’ ಅಂತ ಡಬ್ಬ ವಾಪಸು ಕಳಿಸತೊಡಗಿದ್ದರು. ಸಂಘ ನೋಡಿಕೊಳ್ಳುತ್ತಿದ್ದವರು ಅಶ್ವತ್ಥಯ್ಯ. ಇಪ್ಪತ್ತೆರಡು ವರ್ಷದಿಂದ ಒಂದೇ ಮೇಜು, ಒಂದೇ ಕುರ್ಚಿ, ಒಂದರ ಮೇಲೊಂದು ಪೇರಿಸಿದ ಉದ್ದನೆಯ ನೋಟ್‌ಬುಕ್ಕುಗಳು. ಹೆಂಗಸರು ಬಂದು ತಮ್ಮ ಮನೆಯ ತಾರೀಖು ಹೇಳುತ್ತಾರೆ, ಅವರು ತಲೆ ಎತ್ತದೆ ಬರೆದುಕೊಳ್ಳುತ್ತಾರೆ. ವರ್ಷವಿಲ್ಲ, ತಿಂಗಳಿಲ್ಲ, ಬರೀ ಒಂದು ಅಂಕಿ.

‘ಇದೇನು ಅಶ್ವತ್ಥಯ್ಯನವರೇ, ಬರೀ ಹನ್ನೆರಡು ಅಂದರೆ ಯಾವ ಹನ್ನೆರಡು?’ ಅಂದೆ. ಅವರು ಕನ್ನಡಕ ಒರೆಸಿಕೊಂಡು ‘ಅವರ ಮನೆ ಹನ್ನೆರಡು, ಮೇಡಂ’ ಅಂದರು. ‘ವರ್ಷ ಬೇಡವಾ?’ ‘ವರ್ಷ ಯಾರು ಕೇಳ್ತಾರೆ? ಹಪ್ಪಳ ವರ್ಷ ಇಡೋ ಪದಾರ್ಥ ಅಲ್ಲವಲ್ಲ.’ ನಾನು ನನ್ನ ಪಾಠ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಸಾಲಾಗಿ ನಿಂತು ಅವು ಎಲ್ಲಿಗೆ ಹೋಗಬೇಕು ಮೇಡಂ?’ ಅಂತ ಕೇಳಿದರು. ಮನುಷ್ಯ ಲೇವಡಿ ಮಾಡುತ್ತಿದ್ದಾರೋ ನಿಜವಾಗಿ ಕೇಳುತ್ತಿದ್ದಾರೋ ತಿಳಿಯಲಿಲ್ಲ.

ಆದರೆ ಸೋಲುವ ಜಾಯಮಾನ ನನ್ನದಲ್ಲ. ಹೋಟೆಲಿನ ಮೇಲಿನ ರೂಮಿನಲ್ಲಿ ಕೂತು ಹತ್ತು ದಿನದಲ್ಲಿ ಸೊಗಸಾದ ಒಂದು ಕಂಪ್ಯೂಟರ್ ಪರದೆ ಮಾಡಿದೆ. ಮೊದಲ ಸಲ ಒಂದೇ ಚೌಕ ಇಟ್ಟು, ಅದರಲ್ಲಿ ಇವತ್ತಿನ ತಾರೀಖು ತಾನಾಗಿಯೇ ಬೀಳುವ ಹಾಗೆ ಮಾಡಿದ್ದೆ. ಹೆಂಗಸರು ನೋಡಿ ಬಿದ್ದುಬಿದ್ದು ನಕ್ಕರು. ‘ಯಾರ ಇವತ್ತು ಮೇಡಂ ಇದು?’ ಅಂದಳು ಒಬ್ಬಳು. ಅದನ್ನು ಕಿತ್ತು ಎರಡು ಚೌಕ ಇಟ್ಟೆ: ಒಂದು ಹೋಟೆಲಿನ ತಾರೀಖು, ತಾನೇ ಬೀಳುತ್ತದೆ, ಇನ್ನೊಂದು ಮನೆಯ ತಾರೀಖು, ಕೇಳಿ ಬರೆಯಬೇಕು. ಪ್ಯಾಕೆಟ್ಟಿನ ಮೇಲೆ ಹೋಟೆಲಿನದು, ಸಂಘದ ಒಳಗೆ ಮನೆಯದು. ಈ ಉಪಾಯಕ್ಕೆ ಅಶ್ವತ್ಥಯ್ಯ ಕೂಡ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಗಡಿಬಿಡಿಯಲ್ಲಿ ಒಬ್ಬರದೇ ಹಪ್ಪಳ ಎರಡು ಸಲ ಬರೆದುಬಿಟ್ಟರೆ ಏನು ಗತಿ ಅಂತ ಒಂದು ಕಾವಲು ಇಟ್ಟೆ: ಒಂದು ಮನೆಗೆ ಒಂದು ತಾರೀಖು ಒಂದೇ ಸಲ. ಅದೇ ತಾರೀಖು ಮತ್ತೆ ಬರೆದರೆ ಪರದೆ ಕೆಂಪಾಗಿ ತಕರಾರು ತೆಗೆಯುತ್ತದೆ. ಇನ್ನೊಂದಿಷ್ಟು ಅಚ್ಚುಕಟ್ಟು ಮಾಡೋಣ ಅಂತ ಹೆಂಗಸರು ಬಂದಬಂದ ಹಾಗೆ ಬರುವುದನ್ನು ತಪ್ಪಿಸಿ ಮನೆಯ ನಂಬರಿನ ಪ್ರಕಾರ ಸಾಲು ನಿಲ್ಲಿಸಿದೆ. ಎಲ್ಲರಿಗೂ ಕಾಣಲಿ ಅಂತ ಪರದೆಯನ್ನು ಅವರ ಕಡೆಗೇ ತಿರುಗಿಸಿಟ್ಟೆ. ಮಾಡಿದ ಮೂರೂ ಕೆಲಸಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಂತ್ರ ಶುರುವಾದ ಮೊದಲ ದಿನ ಯಾವ ತೊಂದರೆಯೂ ಇಲ್ಲದೆ ಕಳೆಯಿತು. ಎರಡನೇ ದಿನ ಸಾಲಿನ ನಡುವೆ ಚೆನ್ನಾಜಮ್ಮ ಬಂದಳು. ಐವತ್ತರ ಹೆಂಗಸು, ಮಾತು ಕಡಿಮೆ, ಹಪ್ಪಳ ಮಾತ್ರ ಚಂದ್ರನ ಹಾಗೆ ದುಂಡಗೆ. ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದವಳು ಅಂತ ಆಮೇಲೆ ಗೊತ್ತಾಯಿತು. ‘ನಿಮ್ಮನೇಲಿ ಇವತ್ತೆಷ್ಟು?’ ಅಂದೆ. ಅವಳು ಅಶ್ವತ್ಥಯ್ಯನವರ ಮುಖ ನೋಡಿದಳು. ಆಮೇಲೆ ಕೇಳಿಸೀ ಕೇಳಿಸದ ಹಾಗೆ ‘ಹದಿನಾಲ್ಕು’ ಅಂದಳು. ಒತ್ತಿದೆ. ಪರದೆ ಕೆಂಪಗಾಯಿತು. ‘ಈ ಮನೆಯ ಈ ತಾರೀಖು ಈಗಾಗಲೇ ದಾಖಲಾಗಿದೆ’ ಅಂತ ನಾನೇ ಆರಿಸಿದ ದೊಡ್ಡ ಅಕ್ಷರಗಳು.

ಅಶ್ವತ್ಥಯ್ಯ ಕೂತಲ್ಲಿಂದ ಎದ್ದೇಬಿಟ್ಟರು. ‘ಮೆಷಿನ್ನು ಕೆಟ್ಟಿರಬೇಕು, ಬಿಡಿ ಮೇಡಂ, ಆಮೇಲೆ ನೋಡೋಣ’ ಅಂದರು. ಅವರ ಧ್ವನಿಯಲ್ಲಿ ಏನೋ ಇತ್ತು, ನಾನು ಕೇಳಿಸಿಕೊಳ್ಳಬೇಕಿತ್ತು. ಆದರೆ ನನ್ನ ಯಂತ್ರವನ್ನು ಕೆಟ್ಟಿದೆ ಅಂದರೆ ನನಗೆ ಮೈ ಉರಿಯುತ್ತದೆ. ‘ಕೆಡೋದಕ್ಕೆ ಏನಾಗಿದೆ? ಮೆಷಿನ್ನು ತಪ್ಪು ಹೇಳಲ್ಲ’ ಅಂತ ಗಟ್ಟಿಯಾಗಿಯೇ ಅಂದೆ. ‘ನೆನ್ನೆನೂ ಹದಿನಾಲ್ಕೇ ಹೇಳಿದ್ದಾರೆ ನೋಡಿ.’ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಲಿನಲ್ಲಿ ಗುಸುಗುಸು ಎದ್ದಿತು.

ಚೆನ್ನಾಜಮ್ಮನ ಎದುರು ಮನೆಯ ಹೊನ್ನಗಂಗಮ್ಮ ಮುಂದೆ ಬಂದಳು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. ಬೀದಿಯಲ್ಲಿ ಯಾರ ಮನೆಗೆ ಕಷ್ಟ ಬಂದರೂ ಮೊದಲು ಹೋಗುವವಳು. ‘ಅಯ್ಯೋ ಚೆನ್ನಾಜಿ, ಒಲೆ ಹಚ್ಚಿಲ್ವೇನೇ? ನೆನ್ನೆನೂ ಹಚ್ಚಿಲ್ವಾ? ಒಂದ್ ಮಾತು ಹೇಳಬಾರದಾ! ಮನೇಲಿ ಗಂಡಂಗೆ ಹುಷಾರಿಲ್ಲ, ನೀನೊಬ್ಬಳೇ ಒದ್ದಾಡ್ತಿದ್ದೀಯ. ನಾಳೆಗೆ ಮೂರು ದಿನ ಆಗುತ್ತೆ, ಕೆಂಡ ತರ್ತೀವಿ ಬಿಡು, ನಾವೇ ಹಚ್ಚಿಕೊಡ್ತೀವಿ.’ ಇದು ಆ ಊರಿನ ಕಟ್ಟಳೆ. ಮೂರು ದಿನ ಒಲೆ ಹೊತ್ತದ ಮನೆಗೆ ಬೀದಿಯ ಹೆಂಗಸರು ತಮ್ಮತಮ್ಮ ಒಲೆಯ ಕೆಂಡ ಒಯ್ದು ಹಚ್ಚಿಕೊಡಬೇಕು. ಹಸಿವಿಗೋ ದುಃಖಕ್ಕೋ ಯಾರ ಮನೆಯೂ ಹಿಂದೆ ಬಿದ್ದು ಹಾಗೇ ಕಳೆದುಹೋಗಬಾರದು ಅಂತ ಹಿರಿಯರು ಮಾಡಿದ್ದು. ಒಳ್ಳೆಯ ಕಟ್ಟಳೆಯೇ. ಹೊನ್ನಗಂಗಮ್ಮ ಹೇಳಿದ್ದೂ ಅಂತಃಕರಣದಿಂದಲೇ. ಚೆನ್ನಾಜಮ್ಮ ಮಾತ್ರ ಹಪ್ಪಳದ ಬುಟ್ಟಿ ಅಲ್ಲೇ ಬಿಟ್ಟು, ನನ್ನನ್ನು ಒಂದು ಸಲ ನೋಡಿ, ಹೊರಟುಹೋದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದರಲ್ಲಿದ್ದದ್ದು ಬರೀ ಹೆದರಿಕೆ.

ಎಲ್ಲರೂ ಹೋದ ಮೇಲೆ ಅಶ್ವತ್ಥಯ್ಯ ಒಂದು ಹಳೆಯ ನೋಟ್‌ಬುಕ್ಕು ತೆಗೆದು ನನ್ನ ಮುಂದೆ ಹಾಕಿದರು. ಚೆನ್ನಾಜಮ್ಮನ ಹೆಸರಿನ ಎದುರು ಹದಿನಾಲ್ಕು. ಪುಟ ತಿರುವಿದೆ, ಹದಿನಾಲ್ಕು. ಇನ್ನೊಂದು ಪುಟ, ಹದಿನಾಲ್ಕು. ಒಂದು ವರ್ಷದ ಮೇಲೆ ಎರಡು ತಿಂಗಳು, ಒಂದು ದಿನವೂ ಬಿಡದೆ ಹದಿನಾಲ್ಕು. ‘ಅವಳ ಯಜಮಾನ ನಿಜಗುಣಯ್ಯ ಅಂತ. ಟೈಲರು. ಡಾಕ್ಟರು ಹದಿನಾಲ್ಕನೇ ತಾರೀಖು ಬೆಳಿಗ್ಗೆ ನೋಡಿ, ಇನ್ನು ಮೂರು ದಿನ, ಹೆಚ್ಚಂದ್ರೆ ನಾಲ್ಕು ಅಂದ್ರು. ಅವತ್ತಿಂದ ಅವಳು ಒಲೆ ಹಚ್ಚಿಲ್ಲ. ಲಟ್ಟಿಸೋಕೆ ಒಲೆ ಬೇಡವಲ್ಲ, ಕೆಲಸ ನಡೀತದೆ. ಊಟ ಹೋಟೆಲಿಂದ ತರ್ತಾಳೆ. ತಾರೀಖಿನ ಮೇಲೆ ಸುಳ್ಳು ಹೇಳಬಾರದು, ಹೇಳಿದ್ರೆ ಒಲೆ ಶಾಪ ಹಾಕುತ್ತೆ ಅಂತಾರೆ ನಮ್ಮಲ್ಲಿ. ಅದಕ್ಕೆ ಕೊನೇಲಿ ಬಂದು ಮೆಲ್ಲಗೆ ಹೇಳ್ತಿದ್ದಳು. ನಾನು ತಲೆ ಎತ್ತದೆ ಬರೀತಿದ್ದೆ.’ ಅವರು ನೋಟ್‌ಬುಕ್ಕು ಮುಚ್ಚಿದರು. ‘ನಾಳೆ ಕೆಂಡ ಬಂದ್ರೆ ಅವನ ಮನೇಲಿ ಹದಿನೈದಾಗುತ್ತೆ. ಆಮೇಲೆ ನಿಲ್ಲಿಸೋಕಾಗುತ್ತಾ? ಬೀದಿಯವರು ದಿನಾ ನೋಡ್ತಾರೆ.’

ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಅಲ್ಲ, ನಾನು ಮಾಡಿದ್ದು ಎಂಥ ಕೆಲಸ! ಯಾವ ಊರಿಗೆ ಹೋದರೂ ‘ನಿಮಗೇನು ಬೇಕು?’ ಅಂತ ಕೇಳಿ ಶುರುಮಾಡುವವಳು, ಇಲ್ಲಿ ಅಶ್ವತ್ಥಯ್ಯನವರೊಬ್ಬರನ್ನು ಕೇಳಿ, ತಾರೀಖು ಹೇಳುವ ಹೆಂಗಸರನ್ನು ಒಂದು ಮಾತೂ ಕೇಳಿರಲಿಲ್ಲ. ಸಂಜೆ ಬಿಸಿಲು ಇಳಿಯುವ ಮುಂಚೆ ಚೆನ್ನಾಜಮ್ಮನ ಮನೆಗೆ ಹೋದೆ. ಬಾಗಿಲು ತೆಗೆಯಲು ಅವಳು ಬಹಳ ಹೊತ್ತು ಮಾಡಿದಳು. ‘ತಪ್ಪಾಯ್ತು ಕಣಮ್ಮ’ ಅಂದೆ. ಅವಳು ಪಕ್ಕಕ್ಕೆ ಸರಿದಳು.

ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಅಂಗಳದ ಮಲ್ಲಿಗೆ ಬಳ್ಳಿ. ಮೈತುಂಬ ಮೊಗ್ಗು, ನಾಳೆ ಅರಳುತ್ತೇವೆ ಅನ್ನುವ ಹಾಗೆ ಬಿರಿಯಲು ತಯಾರಾಗಿ ನಿಂತ ಮೊಗ್ಗು. ಕಿಟಕಿಯಲ್ಲಿ ಪಾತ್ರೆ ತುಂಬ ಹಾಲು. ಆ ಹದಿನಾಲ್ಕರಂದು ತಂದಿಟ್ಟದ್ದು, ಕಾಯಿಸದೇ ಇದ್ದರೂ ಒಡೆದಿರಲಿಲ್ಲ. ನಡುಮನೆಯ ಮಂಚದ ಮೇಲೆ ನಿಜಗುಣಯ್ಯ ದಿಂಬಿಗೆ ಒರಗಿ ಕೂತಿದ್ದ. ಹೊಟ್ಟೆ ಊದಿ, ಕೈಕಾಲು ಕಡ್ಡಿಯಾಗಿತ್ತು. ಕಣ್ಣು ಮಾತ್ರ ಚುರುಕು. ‘ಬನ್ನಿ ಕಂಪ್ಯೂಟರ್ ಮೇಡಂ, ಬನ್ನಿ. ನಮ್ಮನೆ ತಾರೀಖು ಹಿಡಿದುಹಾಕಿದವರು ನೀವೇನಾ?’ ಅಂತ ನಕ್ಕ. ಚೆನ್ನಾಜಮ್ಮ ಕಣ್ಣೊರೆಸಿಕೊಳ್ಳುತ್ತಾ ಹೋಟೆಲಿಗೆ ರಾತ್ರಿಯೂಟ ತರಲು ಹೋದಳು.

ನಾನು ಸ್ಟೂಲು ಎಳೆದುಕೊಂಡು ಕೂತೆ. ‘ನೋಡಿ, ಮೂರು ದಿನದ ಗಡ್ಡ’ ಅಂತ ಕೆನ್ನೆ ಸವರಿಕೊಂಡ. ‘ವರ್ಷದ ಮೇಲಾಯ್ತು, ಗಡ್ಡ ಹೆಚ್ಚೂ ಇಲ್ಲ, ಕಡಿಮೆನೂ ಇಲ್ಲ. ಅವತ್ತು ಬೋಳಿಸ್ಕೊಂಡು ಕೂತಿದ್ದರೆ ಮದುಮಗನ ಥರ ಇರ್ತಿದ್ದೆ. ಇವಳಿಗೆ ನಿಲ್ಲಿಸೋಕೂ ಒಳ್ಳೆ ದಿನ ಸಿಗಲಿಲ್ಲ. ಹನ್ನೆರಡರಲ್ಲಿ ನಿಲ್ಲಿಸಿದ್ದರೆ ನೋವು ಕಮ್ಮಿ ಇತ್ತು. ಹದಿನಾಲ್ಕರಲ್ಲಿ ಬೆಳಿಗ್ಗೆಯಿಂದ ಹೊಟ್ಟೆ ಹಿಂಡೋದು, ಮಧ್ಯಾಹ್ನ ಸ್ವಲ್ಪ ಇಳಿಯೋದು, ಸಂಜೆ ಮತ್ತೆ. ಇವತ್ತೂ ಅಷ್ಟೆ. ನಾಳೆನೂ ಅಷ್ಟೆ.’ ‘ಅವರಿಗೆ ಹೇಳಿದ್ದೀರಾ?’ ಅಂದೆ. ‘ಹೇಳಿದ್ರೆ ಅಳ್ತಾಳೆ. ಅಳಿಸಬೇಕಾ? ನನಗೋಸ್ಕರ ತಾನೇ ಮಾಡ್ತಿರೋದು.’

ನನ್ನ ಬಾಯಿಗೆ ಹಳೆಯ ಪ್ರಶ್ನೆಯೇ ಬಂತು. ‘ನಿಮಗೇನು ಬೇಕು?’ ಅಂದೆ. ಅವನು ನಗುವುದನ್ನು ನಿಲ್ಲಿಸಿದ. ಯಾರೂ ತನ್ನನ್ನು ಇದನ್ನು ಕೇಳಿರಲಿಲ್ಲ ಅನ್ನುವ ಹಾಗೆ ನನ್ನನ್ನೇ ನೋಡಿದ. ‘ನಂಗಾ?’ ಅಂದ. ಆಮೇಲೆ ಸೂರು ನೋಡುತ್ತಾ, ‘ಹದಿನೈದನೇ ತಾರೀಖು ಹೆಂಗಿರುತ್ತೆ ಅಂತ ನೋಡಬೇಕು ಮೇಡಂ’ ಅಂದ. ‘ಒಳ್ಳೇದೇ ಇರಲಿ, ಕೆಟ್ಟದ್ದೇ ಇರಲಿ, ಬೇರೆ ಥರ ಇರುತ್ತಲ್ಲ. ದಿನಾ ಬೆಳಿಗ್ಗೆ ಎದ್ದಾಗ ಅದೊಂದೇ ಯೋಚನೆ. ಹದಿನೈದರಲ್ಲಿ ಮಳೆ ಬರುತ್ತೋ, ಕಾಗೆ ಕೂಗುತ್ತೋ, ನೋವು ಬಲಗಡೆ ಬರುತ್ತೋ ಎಡಗಡೆನೋ. ಸಣ್ಣ ಹುಡುಗನ ಥರ ಕುತೂಹಲ. ಸಾಯೋದಕ್ಕೆ ಆಸೆ ಅಂತ ತಿಳ್ಕೋಬೇಡಿ. ಬದುಕೋಕೇ ಆಸೆ. ಆದ್ರೆ ಒಂದೇ ದಿನನ ಎಷ್ಟು ಅಂತ ಬದುಕೋದು?’

‘ಇದನ್ನ ನನಗಲ್ಲ, ಅವರಿಗೆ ಹೇಳಬೇಕು ನೀವು’ ಅಂದೆ. ‘ಹೆಂಗೆ ಹೇಳಲಿ?’ ಅಂದ. ಅಷ್ಟರಲ್ಲಿ ಚೆನ್ನಾಜಮ್ಮ ಪೊಟ್ಟಣ ಹಿಡಿದು ಬಂದಳು. ಅವನು ಮತ್ತೆ ಗಡ್ಡದ ತಮಾಷೆಗೆ ತಿರುಗಿದ.

ದಾರಿಯುದ್ದಕ್ಕೂ ಯೋಚನೆ. ಕೆಂಡ ಬಂದರೆ ಅವನು ಕೇಳಿದ್ದು ಅವನಿಗೆ ಸಿಗುತ್ತದೆ, ಸುಮ್ಮನಿದ್ದುಬಿಡೋಣವೇ ಅಂತ ಒಂದು ಮನಸ್ಸು. ಥೂ, ಅದು ಹೇಡಿತನ ಅಂತ ಇನ್ನೊಂದು. ಗಂಡ ಹೆಂಡತಿ ಕೂತು ಆಡಬೇಕಾದ ಮಾತನ್ನು ನನ್ನ ಕೆಂಪು ಅಕ್ಷರ ಆಡಿಬಿಟ್ಟರೆ, ಆಮೇಲೆ ಆ ಹೆಂಗಸು ಜನ್ಮವಿಡೀ ‘ಬೀದಿಯವರು ನನ್ನ ಗಂಡನ್ನ ಕೊಂದರು’ ಅಂತಲೇ ತಿಳಿಯುತ್ತಾಳೆ. ಆ ಮನೆಯ ತಾರೀಖನ್ನು ಮುಂದಕ್ಕೆ ದೂಡುವ ಹಕ್ಕು ಹೊನ್ನಗಂಗಮ್ಮನಿಗಿಲ್ಲ, ನನ್ನ ಯಂತ್ರಕ್ಕಂತೂ ಮೊದಲೇ ಇಲ್ಲ.

ಬೆಳಿಗ್ಗೆ ಬೇಗ ಸಂಘಕ್ಕೆ ಹೋಗಿ ಒಂದು ಕೆಲಸ ಮಾಡಿದೆ. ಹಿಂದಿನ ದಿನ ಹೊನ್ನಗಂಗಮ್ಮನ ಮನೆಯಲ್ಲಿ ಇಪ್ಪತ್ತೆರಡು. ಅಂದರೆ ಇವತ್ತು ಇಪ್ಪತ್ತಮೂರು. ಅದನ್ನು ಅವಳು ಬರುವ ಮುಂಚೆಯೇ ಒತ್ತಿಟ್ಟೆ. ತಾರೀಖಿನ ಮೇಲೆ ಸುಳ್ಳು ಹೇಳಬಾರದು ಅಂದಿದ್ದರಲ್ಲ. ಇದು ಸುಳ್ಳಲ್ಲ, ಸ್ವಲ್ಪ ಮುಂಚೆ ಬರೆದ ನಿಜ.

ಹೆಂಗಸರು ಬಂದರು. ಐದಾರು ಜನರ ಕೈಯಲ್ಲಿ ಕೆಂಡದ ಬೋಗುಣಿ, ಮೇಲೆ ಬೂದಿ ಮುಚ್ಚಿತ್ತು. ಹಪ್ಪಳ ಒಪ್ಪಿಸಿ ಅಲ್ಲಿಂದಲೇ ಹೊರಡುವುದು ಅಂತ ತೀರ್ಮಾನ. ಚೆನ್ನಾಜಮ್ಮ ಮೂಲೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು, ಮುಖದಲ್ಲಿ ರಕ್ತವಿಲ್ಲ. ಹೊನ್ನಗಂಗಮ್ಮನ ಸರದಿ ಬಂತು. ‘ಎಷ್ಟಮ್ಮ ನಿಮ್ಮನೇಲಿ?’ ‘ಇಪ್ಪತ್ತಮೂರು’ ಅಂದಳು ಗತ್ತಿನಿಂದ. ಒತ್ತಿದೆ. ಪರದೆ ಕೆಂಪಗಾಯಿತು.

‘ಏನಂತೆ?’ ಅಂದಳು ಹೊನ್ನಗಂಗಮ್ಮ. ಹಿಂದಿನಿಂದ ಒಬ್ಬಳು ಓದಿ ಹೇಳಿದಳು. ‘ಏನೂ! ನಮ್ಮನೆ ಒಲೆ ಹೊತ್ತಿಲ್ಲ ಅಂತಾ? ಬೆಳಿಗ್ಗೆ ರೊಟ್ಟಿ ಬಡಿದು ಬಂದಿದ್ದೀನಿ, ಕೈ ಮೂಸಿ ನೋಡ್ರೇ!’ ಅಂತ ಕೈ ಚಾಚಿದಳು. ಸಾಲಿನಲ್ಲಿ ನಗೆ ಸಿಡಿಯಿತು. ‘ಹೊನ್ನಕ್ಕನ ಮನೆಗೇ ಮೊದಲು ಕೆಂಡ ತಗೊಂಡು ಹೋಗ್ರೇ, ಪಾಪ!’ ಅಂದಳು ಯಾರೋ. ಹೊನ್ನಗಂಗಮ್ಮ ನನ್ನ ಕಡೆ ತಿರುಗಿದಳು. ‘ನೆನ್ನೆ ಮೆಷಿನ್ನು ತಪ್ಪು ಹೇಳಲ್ಲ ಅಂದ್ರಲ್ಲ ಮೇಡಂ?’

‘ಮೆಷಿನ್ನಲ್ಲಮ್ಮ, ತಪ್ಪು ಮಾಡಿದವಳು ನಾನು’ ಅಂದೆ. ‘ಕೇಳಬಾರದ್ದನ್ನ ಕೇಳೋ ಹಾಗೆ ಮಾಡಿದ್ದೀನಿ. ಚೆನ್ನಾಜಮ್ಮನವರ ಮೇಲೆ ಸುಮ್ಮನೆ ಬಾಯಿಮಾಡಿದೆ. ಎಲ್ಲರೂ ಕ್ಷಮಿಸಬೇಕು.’ ಮೂವತ್ತು ವರ್ಷದ ಕಸುಬಿನಲ್ಲಿ ನಾನು ಇಷ್ಟು ಜನರ ಮುಂದೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅದರಲ್ಲಿ ನಟನೆಯೇನೂ ಇರಲಿಲ್ಲ. ‘ಪಾಪ, ಓದಿದವರೂ ತಪ್ಪು ಮಾಡ್ತಾರೆ ಬಿಡ್ರೇ’ ಅಂತ ಹೊನ್ನಗಂಗಮ್ಮನೇ ನನ್ನನ್ನು ಸಮಾಧಾನ ಮಾಡಿದಳು. ಬೋಗುಣಿಯ ಕೆಂಡಗಳು ಸಂಘದ ಚಹಾ ಒಲೆಗೆ ಬಿದ್ದವು. ಅಶ್ವತ್ಥಯ್ಯ ಎಲ್ಲರಿಗೂ ಚಹಾ ಮಾಡಿಸಿದರು.

ಮಧ್ಯಾಹ್ನವೇ ಕೂತು ಆ ಕಾವಲನ್ನು ಕಿತ್ತುಹಾಕಿದೆ. ನಾನು ಸೇರಿಸಿದ್ದ ವರ್ಷ, ತಿಂಗಳು ಎರಡನ್ನೂ ತೆಗೆದೆ. ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಮನೆಯ ತಾರೀಖು ಅನ್ನುವಲ್ಲಿ ಒಂದು ಬೋಳು ಚೌಕ. ಏನು ಹೇಳಿದರೆ ಅದನ್ನು ಬರೆದುಕೊಳ್ಳುತ್ತದೆ, ತಕರಾರಿಲ್ಲ. ನನ್ನ ಕಸುಬಿನವರು ಯಾರಾದರೂ ನೋಡಿದ್ದರೆ ಕ್ಯಾಕರಿಸಿ ಉಗಿಯುತ್ತಿದ್ದರು. ಹೆಂಗಸರು ಮತ್ತೆ ಬಂದಬಂದ ಹಾಗೆ ಬರತೊಡಗಿದರು, ಚೆನ್ನಾಜಮ್ಮ ಮತ್ತೆ ಕೊನೆಯಲ್ಲಿ.

ಅಶ್ವತ್ಥಯ್ಯ ಒಂದು ಬೆರಳಿನಲ್ಲಿ ಟೈಪು ಕಲಿಯುವತನಕ ಇರಬೇಕು ಅಂತ ನಾನು ಇನ್ನೊಂದು ತಿಂಗಳು ಉಳಿದೆ. ನಿಜ ಹೇಳಬೇಕೆಂದರೆ ಕುತೂಹಲಕ್ಕೇ ಉಳಿದೆ. ಆ ಬೋಳು ಚೌಕದಲ್ಲಿ ಏನೇನು ಬೀಳುತ್ತದೆ ಅಂತ ದಿನಾ ನೋಡುತ್ತಿದ್ದೆ. ಗಂಡನ ರಜೆ ಮುಗಿಯುತ್ತಿದ್ದ ಹೊಸ ಮದುವಣಗಿತ್ತಿಯ ಮನೆಯಲ್ಲಿ ಒಂಬತ್ತು ಎರಡು ಸಲ ಬಂತು. ಮಗಳು ತವರಿಗೆ ಬಂದ ವಾರ ಅಶ್ವತ್ಥಯ್ಯನವರ ಮನೆಯಲ್ಲೇ ಮೂವತ್ತು ಎರಡು ಸಲ ಬಂತು. ಅವರು ಒತ್ತುವಾಗ ನಾನು ಕಿಟಕಿಯ ಹೊರಗೆ ನೋಡಿದೆ. ಹೊನ್ನಗಂಗಮ್ಮನ ಮನೆಯಲ್ಲಿ ಮಾತ್ರ ಒಂದೂ ತಪ್ಪಲಿಲ್ಲ. ಚೆನ್ನಾಜಮ್ಮನದು ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ಪ್ರತಿ ಸಲ ಒತ್ತುವಾಗಲೂ ಮಂಚದ ಮೇಲಿನ ಆ ಮನುಷ್ಯನ ಹೊಟ್ಟೆ ಹಿಂಡುತ್ತಿರುವುದು ನೆನಪಾಗಿ ನನ್ನ ಬೆರಳು ತಡೆಯುತ್ತಿತ್ತು. ಅವಳಿಗೆ ಹೇಳಿಬಿಡಲೇ ಅನ್ನಿಸುತ್ತಿತ್ತು, ಹೇಳಲಿಲ್ಲ. ಹೇಳಬೇಕಾದವನು ಅವನು. ಕೆಲಸ ಮುಗಿದರೂ ಅವಳು ಸಂಘದಲ್ಲೇ ಕೂತಿರುತ್ತಿದ್ದಳು, ಹಪ್ಪಳ ಎಣಿಸಿಕೊಡುತ್ತಾ, ಕಸ ಗುಡಿಸುತ್ತಾ, ಸಂಜೆಯತನಕ. ಅವಳಿಗೆ ಯಾವ ಅವಸರವೂ ಇರಲಿಲ್ಲ.

ನಾನು ಹೊರಡಲು ಎರಡು ದಿನವಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಎಲ್ಲರಿಗಿಂತ ಮುಂದೆ ಚೆನ್ನಾಜಮ್ಮ ನಿಂತಿದ್ದಳು. ತಲೆಗೆ ನೀರೆರೆದುಕೊಂಡಿದ್ದಳು, ಮುಡಿಯಲ್ಲಿ ಅರಳಿದ ಮಲ್ಲಿಗೆ. ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ‘ನಂದು ಮೊದಲು ತಗೊಳ್ಳಿ ಮೇಡಂ’ ಅಂದಳು. ಬುಟ್ಟಿಯಲ್ಲಿ ಹಪ್ಪಳ ಎಂದಿನ ಅರ್ಧವೂ ಇರಲಿಲ್ಲ.

‘ನಿಮ್ಮನೇಲಿ ಇವತ್ತೆಷ್ಟಮ್ಮ?’ ಅಂದೆ. ಎಲ್ಲರಿಗೂ ಕೇಳಿಸುವ ಹಾಗೆ ‘ಹದಿನೈದು’ ಅಂದಳು. ಅಶ್ವತ್ಥಯ್ಯ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದರು. ನಾನು ಒಂದು ಒತ್ತಿದೆ, ಐದು ಒತ್ತಲು ಕಣ್ಣು ಮಂಜಾಗಿ ಗುಂಡಿ ಕಾಣಲಿಲ್ಲ.

‘ಒಲೆ ಹಚ್ಚು ಅಂತ ಅವರೇ ಬಾಯಿಬಿಟ್ಟು ಕೇಳಿದ್ರು ಮೇಡಂ’ ಅಂದಳು ಅವಳು, ನನಗೊಬ್ಬಳಿಗೇ ಕೇಳಿಸುವ ಹಾಗೆ. ‘ಇಷ್ಟು ದಿನ ನೋವಿಲ್ಲ ನೋವಿಲ್ಲ ಅಂತಿದ್ರು, ನಾನು ದಡ್ಡಿ, ನಂಬ್ಕೊಂಡಿದ್ದೆ.’ ಆಮೇಲೆ ಖಾಲಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡಳು. ನಾನು ಚಹಾ ಕುಡಿದು ಹೋಗು ಅಂದೆ. ಹೊನ್ನಗಂಗಮ್ಮ ‘ಕೂತ್ಕೊಳೇ, ಸುಧಾರಿಸ್ಕೊ’ ಅಂತ ಕೈ ಹಿಡಿದಳು. ಅವಳು ಕೈ ಬಿಡಿಸಿಕೊಂಡಳು.

‘ಇಲ್ಲ ಅಕ್ಕ, ಕೂತ್ಕೊಳ್ಳೋಕೆ ಹೊತ್ತಿಲ್ಲ, ಮನೇಲಿ ಆಗಲೇ ಎಂಟೂವರೆ’ ಅಂದು, ಸೆರಗು ಸಿಕ್ಕಿಸಿಕೊಂಡು, ಆ ವಯಸ್ಸಿನ ಹೆಂಗಸು ಬೀದಿಯಲ್ಲಿ ಓಡತೊಡಗಿದಳು.